ಜೇಸನ್‌ಗೆ ರಿಲೀಸ್ ಸಿಕ್ಕಿತು

ಅಕ್ಟೋಬರ್ ೧೧

ಮನುಷ್ಯನನ್ನೂ ಲೋನ್ ಕೊಡುತ್ತಾರೆಂದು ಇವತ್ತು ಗೊತ್ತಾಯಿತು.

ಫೋರ್ಕ್‌ಲಿಫ್ಟ್ ಕೊಡುವುದು ಕೇಳಿದ್ದೆ. ಜನರೇಟರ್ ಕೊಡುವುದು ಕೇಳಿದ್ದೆ. ಈಗ ನನ್ನ ಗಂಡನನ್ನು ಕೊಟ್ಟಿದ್ದಾರೆ. ಅಲ್ ಕುಸೈಸಿನ ಗೋದಾಮಿನಲ್ಲಿ ಟೈಲ್ಸ್ ಪೆಟ್ಟಿಗೆ ಇಳಿಸಿ ಏರಿಸುವ ಜೇಸನ್ ಡಿಮೆಲ್ಲೊನನ್ನು ಅವನ ಕಂಪನಿ ಈ ಸೀಸನ್ನಿಗೆ ಒಂದು ಬೇಸ್‌ಬಾಲ್ ತಂಡಕ್ಕೆ ಲೋನ್ ಕೊಟ್ಟಿದೆ. ಗೋದಾಮಿನ ಧಣಿಗೆ ತಂಡದಲ್ಲೂ ಪಾಲುಂಟು. ಎಡ ಕಿಸೆಯಿಂದ ತೆಗೆದು ಬಲ ಕಿಸೆಗೆ ಹಾಕಿಕೊಂಡ, ಅಷ್ಟೇ. ವೀಸಾ ಗೋದಾಮಿನದ್ದೇ. ಬೆಳಿಗ್ಗೆ ಪೆಟ್ಟಿಗೆ, ಮಧ್ಯಾಹ್ನದ ಮೇಲೆ ಚೆಂಡು.

ತಂಡದ ಹೆಸರು ದುಬೈ ಡೈವರ್ಸ್. ಅಮೆರಿಕದ ಆಟ, ಹೊಸ ಲೀಗ್. ಪ್ರತಿ ತಂಡದಲ್ಲೂ ಇಲ್ಲೇ ದುಡಿಯುವ ಒಂದಿಬ್ಬರು ಇರಬೇಕಂತೆ. ಟ್ರಯಲ್ಸ್‌ನಲ್ಲಿ ಜೇಸನ್ ಎಸೆದದ್ದನ್ನು ನೋಡಿ ಅಮೆರಿಕನ್ನರು ಮುಖಮುಖ ನೋಡಿಕೊಂಡರಂತೆ.

ನಗಬೇಕೋ ಅಳಬೇಕೋ. ಊರಿನ ಟೆನಿಸ್‌ಬಾಲ್ ಕ್ರಿಕೆಟ್ಟಿನಲ್ಲಿ ಯಾವ ಅಂಪೈರನೂ ಈ ಕೈಗೆ ಒಂದು ಓವರ್ ಪೂರ್ತಿ ಬಿಟ್ಟವನಲ್ಲ. ಮೊಣಕೈ ಮಡಚಿ ಬಿಸಾಡುತ್ತಾನೆ, ನೋಬಾಲ್, ನೋಬಾಲ್! ಕಿನ್ನಿಗೋಳಿಯಿಂದ ಮೂಡಬಿದ್ರೆಯವರೆಗೆ ಅವನ ಹೆಸರು 'ಚಕ್ಕರ್ ಜೇಸು', ಬಿಸಾಡುವ ಜೇಸು. ಅಲ್ಲಿ ಅಪರಾಧವಾದದ್ದು ಇಲ್ಲಿ ಉದ್ಯೋಗ.

"ಖುಷಿಯಾ ನಿನಗೆ?" ಕೇಳಿದೆ.

"ಬಿಸಾಡು ಅಂತ ಹೇಳಿ ಸಂಬಳ ಕೊಡ್ತಾರೆ ಮಾರಾಯ್ತಿ. ಬೈಲಿಕ್ಕೆ ಒಬ್ಬನೂ ಇಲ್ಲ. ಇನ್ನೆಂತ ಬೇಕು?"

ಅವನಿಗೆ ಅಷ್ಟು ಸಾಕು. ನನಗೆ ಸಾಲದು. ಬೀಡಿ ಕಟ್ಟುವ ಅಮ್ಮನ ಮಡಿಲಿನಿಂದ ಎದ್ದು ಬೀಡಿ ಕಾರ್ಮಿಕರ ಸಂಘದ ಜೀಪಿಗೆ ಹತ್ತಿದವಳು ನಾನು. ಮೈಕ್ ಹಿಡಿದವಳು. ಇಲ್ಲಿ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು 'ಗುಡ್ ಮಾರ್ನಿಂಗ್' ಹೇಳುತ್ತಿರಬಹುದು, ಆದರೆ ಧಣಿ ಎಂಬ ಪ್ರಾಣಿಯ ವಾಸನೆ ನನಗೆ ಗೊತ್ತು. ದುಡಿಯುವವನ ಮೈ ದುಡಿಯುವವನದ್ದು. ಬೇರೆ ಯಾರೂ ಅದನ್ನು ಕೈಬದಲು ಮಾಡಬಾರದು. ಇದನ್ನು ಇವತ್ತು ಇಲ್ಲಿ ಬರೆದಿಡುತ್ತೇನೆ.

ಅಕ್ಟೋಬರ್ ೨೦

ದೀಪಾವಳಿ ರಜೆ. ಮಗಳು ಜಾನಿಸಳನ್ನು ಕರೆದುಕೊಂಡು ಮೈದಾನಕ್ಕೆ ಹೋದೆ. ಅಪ್ಪ ಎಸೆಯುವುದನ್ನು ನೋಡಬೇಕೆಂದು ಹಟ ಹಿಡಿದಿದ್ದಳು.

ಹೈವೇ ಬದಿಯ ಮರಳಿನ ಮೇಲೆ ಹಸಿರು ಹಾಸಿದ್ದಾರೆ. ನಡುವೆ ಒಂದು ಮಣ್ಣಿನ ದಿಬ್ಬ. ದಿಬ್ಬದ ಮೇಲೆ ನಿಂತು ಎಸೆಯುವವನು ಪಿಚರ್. ಎದುರಿಗೆ ಒಬ್ಬ ದೊಣ್ಣೆ ಹಿಡಿದು ನಿಂತಿರುತ್ತಾನೆ. ಅವನ ದೊಣ್ಣೆಗೆ ಸಿಗದ ಹಾಗೆ ಚೆಂಡು ದಾಟಿಸಬೇಕು. ಆಟ ಇಷ್ಟೇ. ಉಳಿದದ್ದು ಜಾಹೀರಾತು.

ಕೋಚ್ ವಾಲ್ಟ್ ಎಂಬವನು ಎಪ್ಪತ್ತು ದಾಟಿದ ಅಮೆರಿಕನ್ ಮುದುಕ. ಬಲ ಮೊಣಕೈ ಪೂರ್ತಿ ಮಡಚುವುದೂ ಇಲ್ಲ, ಪೂರ್ತಿ ನೆಟ್ಟಗಾಗುವುದೂ ಇಲ್ಲ. ಚಹಾ ಕುಡಿಯಬೇಕಾದರೆ ಲೋಟದ ಕಡೆಗೆ ತಲೆ ಬಗ್ಗಿಸುತ್ತಾನೆ.

"ಈ ಕೈಗೆ ಏನಾಯಿತು?" ನೇರವಾಗಿಯೇ ಕೇಳಿದೆ.

"ಎಪ್ಪತ್ತಮೂರರ ಬೇಸಿಗೆ ಆಯಿತು," ಅಂದ. "ಇಡೀ ಸೀಸನ್ ನೋವಿನಲ್ಲಿ ಎಸೆದೆ."

"ಬಿಟ್ಟು ಬೇರೆ ತಂಡಕ್ಕೆ ಹೋಗಬಹುದಿತ್ತು."

ಮುದುಕ ನಕ್ಕ. "ಹೋಗುವುದಾ? ಅಮ್ಮಾ, ನಾನು ರಿಸರ್ವ್ ಆಗಿದ್ದೆ."

ಆಮೇಲೆ ಅವನು ಹೇಳಿದ್ದನ್ನು ಕೇಳಿ ನನ್ನ ಕೈಯಲ್ಲಿದ್ದ ಚಹಾ ಆರಿಹೋಯಿತು. ಆ ಕಾಲದಲ್ಲಿ ಆಟಗಾರನ ಕರಾರಿನಲ್ಲಿ ಒಂದು ಸಾಲು ಇರುತ್ತಿತ್ತಂತೆ. ಕರಾರು ಮುಗಿದರೂ ಆಟಗಾರ ಮುಗಿಯುವುದಿಲ್ಲ. ಮುಂದಿನ ವರ್ಷಕ್ಕೂ ಅವನು ಅದೇ ಧಣಿಗೆ ಮೀಸಲು. ಅದರ ಮುಂದಿನ ವರ್ಷಕ್ಕೂ. ಮಾರಿದರೆ ಮಾರಿಸಿಕೊಳ್ಳಬೇಕು. ಒಲ್ಲೆ ಅಂದರೆ ಮನೆಗೆ ಹೋಗಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ.

ಎಪ್ಪತ್ತರ ದಶಕದ ಅಮೆರಿಕ! ಚಂದ್ರನ ಮೇಲೆ ನಡೆದು ಬಂದವರು! ಕೆಳಗೆ ಮನುಷ್ಯನನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದರು. ನಮ್ಮಲ್ಲಿ ಮೀಸಲು ಅಂದರೆ ಬೀದಿಗಿಳಿದು, ಲಾಠಿ ತಿಂದು ಪಡೆದ ಹಕ್ಕು. ಅವರಲ್ಲಿ ಮೀಸಲು ಅಂದರೆ ಧಣಿ ಹಾಕಿದ ಬೀಗ. ಒಂದೇ ಮಾತು ಎರಡು ದೇಶಗಳಲ್ಲಿ ಹೀಗೆ ತಿರುಗಿ ನಿಲ್ಲುತ್ತದಾ?

"ಬೀಗ ಒಡೆದದ್ದು ಹೇಗೆ?"

"ಸಂಘ," ಅಂದ ಮುದುಕ. "ಎಪ್ಪತ್ತೈದರಲ್ಲಿ ಇಬ್ಬರು ಪಿಚರ್‌ಗಳು ಸಹಿ ಹಾಕಲಿಲ್ಲ. ನಾವೆಲ್ಲ ಹಿಂದೆ ನಿಂತೆವು. ವರ್ಷದ ಕೊನೆಗೆ ತೀರ್ಪು ನಮ್ಮ ಕಡೆ ಬಂತು. ಅಷ್ಟರಲ್ಲಿ ನನ್ನ ಕೈ ಮುಗಿದಿತ್ತು."

ಅವನ ಸೊಟ್ಟ ಕೈ ಹಿಡಿದು ಕುಲುಕಿದೆ. ಸಂಗಾತಿ ಎಂದು ಯಾರನ್ನಾದರೂ ಕರೆದು ಎಷ್ಟು ಕಾಲವಾಗಿತ್ತು!

ನವೆಂಬರ್ ೧

ಅಬುಧಾಬಿ. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಜೇಸನ್‌ನ ಅಣ್ಣ ಆನ್ಸೆಲ್ಮ್ ಭಾವನ ಮನೆ. ಮೊಬೈಲ್ ಅಂಗಡಿಯ ಸೇಲ್ಸ್‌ಮ್ಯಾನ್. ಗಂಟಲು ಮಾತ್ರ ಇಡೀ ಅಂಗಡಿಯದ್ದು.

"ಬಾ ಚಕ್ಕರ್, ಬಾ! ಈಗಾದ್ರೂ ಅಂಪೈರ್ ಬಾಯಿ ಮುಚ್ಚಿಕೊಂಡು ಇದ್ದಾನಾ?"

"ಇಲ್ಲಿ ಮಡಚದಿದ್ರೆ ಬೈತಾರೆ ಅಣ್ಣ."

"ನೋಡು ನೋಡು! ಊರಲ್ಲಿ ನಿನ್ನಿಂದಾಗಿ ನಾವು ಫೈನಲ್ ಸೋತೆವು. ಆ ಕಪ್ ಈಗ ಅಮೆರಿಕದವರು ಕೊಡ್ಲಿ."

ಊಟದ ನಡುವೆ ಭಾವ ಸುದ್ದಿ ಒಡೆದ. ಅಬುಧಾಬಿಯ ತಂಡದವರು ಮುಂದಿನ ಸೀಸನ್ನಿಗೆ ಜೇಸನ್‌ನನ್ನು ಕೇಳುತ್ತಿದ್ದಾರಂತೆ. ಲೋನ್ ಅಲ್ಲ, ಅವರದ್ದೇ ವೀಸಾ, ಪೂರ್ತಿ ಆಟಗಾರ. ಪೆಟ್ಟಿಗೆ ಹೊರುವುದಿಲ್ಲ. ನನಗೂ ಮಗಳಿಗೂ ಖಲೀಫಾ ಸಿಟಿ ಕಡೆ ಮನೆ.

ಒಂದೇ ಒಂದು ತೊಡಕು. ಗೋದಾಮಿನವರು ರಿಲೀಸ್ ಕೊಡಬೇಕು.

ಗಲ್ಫಿನಲ್ಲಿ ಈ ಮಾತಿಗೆ ಇರುವ ತೂಕ ದೇವರ ಹೆಸರಿಗೂ ಇಲ್ಲ. ಹೆಣ್ಣು ಕೇಳಲು ಬಂದವರನ್ನೂ 'ಹುಡುಗನಿಗೆ ರಿಲೀಸ್ ಸಿಗ್ತದಾ?' ಎಂದು ವಿಚಾರಿಸುತ್ತೇವೆ. ಹಳೆ ಧಣಿ ಹಗ್ಗ ಬಿಚ್ಚಿ 'ಹೋಗು' ಅನ್ನುವುದೇ ರಿಲೀಸ್. ಕಾನೂನಿನಲ್ಲಿ ಈಗ ಅದು ಬೇಡವಂತೆ. ಕಾನೂನು ಪೇಪರಿನಲ್ಲಿರುತ್ತದೆ, ಎಚ್‌ಆರ್ ಮೇಜಿನ ಹಿಂದೆ ಇರುತ್ತಾನೆ. ನಮ್ಮ ಗೋದಾಮಿನ ಎಚ್‌ಆರ್ ಮೈಸೂರಿನ ದ್ವಾರಕನಾಥ. ಜೇಸನ್ ಹೋಗಿ ಕೇಳಿದ್ದಕ್ಕೆ ಹೇಳಿದನಂತೆ: "ಸೀಸನ್ ಮುಗೀಲಿ ಕಣಯ್ಯ. ಚೆನ್ನಾಗಿ ಆಡು, ಬಾಸ್‌ಗೆ ಖುಷಿ ಆಗ್ಲಿ, ಆಮೇಲೆ ರಿಲೀಸ್ ಕೊಡಿಸೋ ಜವಾಬ್ದಾರಿ ನಂದು."

ಚೆನ್ನಾಗಿ ಆಡಬೇಕು. ಆಯಿತು. ಅಷ್ಟೇ ತಾನೇ? ಆಡಿಸುತ್ತೇನೆ.

ನವೆಂಬರ್ ೧೬

ಮೊದಲ ಪಂದ್ಯ ಮುಗಿಯಿತು.

ಸ್ಟ್ಯಾಂಡಿನಲ್ಲಿ ಕೂತು ಸುತ್ತ ನೋಡಿದೆ. ಲೇಬರ್ ಕ್ಯಾಂಪುಗಳಿಂದ ಬಸ್ಸುಗಳಲ್ಲಿ ಜನರನ್ನು ತುಂಬಿ ತಂದಿದ್ದಾರೆ. ವಾರಕ್ಕೊಂದೇ ರಜೆ ಇರುವವರು. ತಲೆಗೆ ನೀಲಿ ಟೋಪಿ, ಕೈಗೆ ಊಟದ ಪೊಟ್ಟಣ. ಟಿವಿಗೆ ಸೀಟು ತುಂಬಿದ ಹಾಗೆ ಕಾಣಬೇಕಲ್ಲ. ಒಬ್ಬ ಯಾವುದೋ ರಾಜಸ್ಥಾನದ ಅಜ್ಜ ಕೂತಲ್ಲೇ ನಿದ್ದೆ ಹೋಗಿದ್ದ. ವಾಲಂಟಿಯರ್ ಹುಡುಗಿ ಬಂದು ಎಬ್ಬಿಸಿದಳು: "ಅಂಕಲ್, ಕ್ಲ್ಯಾಪ್ ಪ್ಲೀಸ್!" ನಿದ್ದೆಯನ್ನೂ ಬಿಡುವುದಿಲ್ಲವಲ್ಲ ಹಡಬೆಗಳು!

ಎದ್ದು ಹೋಗಬೇಕೆಂದಿದ್ದೆ. ಅಷ್ಟರಲ್ಲಿ ಜೇಸನ್ ದಿಬ್ಬ ಹತ್ತಿದ.

ನನ್ನ ಗಂಡ ಹಾಗೆ ನಿಂತದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಕಾಲೆತ್ತಿದ, ಮೈ ತಿರುಚಿದ, ಆ ನೋಬಾಲ್ ಕೈ ಮಡಚಿ ಬಿಚ್ಚಿತು. ದೊಣ್ಣೆಯವನು ಗಾಳಿಗೆ ಬೀಸಿದ. ಇನ್ನೊಬ್ಬ ಬಂದ. ಅವನೂ ಗಾಳಿಗೆ. ನಾನು ಬೆಂಚಿನ ಮೇಲೆ ಹತ್ತಿ ನಿಂತಿದ್ದೆನಂತೆ, ಜಾನಿಸ್ ಹೇಳಿದಳು. "ಮಮ್ಮಾ, ಯು ವರ್ ಸ್ಕ್ರೀಮಿಂಗ್ ಇನ್ ಕೊಂಕಣಿ. ಎವ್ರಿಬಡಿ ವಾಸ್ ಲುಕಿಂಗ್."

ನೋಡಲಿ.

ನವೆಂಬರ್ ೨೦

ಮನೆಯಲ್ಲಿ ಕೆಲವು ನಿಯಮ ಮಾಡಿದ್ದೇನೆ. ಜೇಸನ್ ಬಲಗೈಯಲ್ಲಿ ತರಕಾರಿ ಚೀಲ ಹಿಡಿಯಬಾರದು. ನೀರಿನ ಕ್ಯಾನ್ ನಾನು ಎತ್ತುತ್ತೇನೆ. ಎಸಿಯ ಗಾಳಿ ಬೀಳದ ಕಡೆ ಮಲಗಬೇಕು. ಜಾನಿಸಳನ್ನು ಎತ್ತಿಕೊಳ್ಳಬಾರದು. ಮೊದಲೆರಡು ದಿನ ಅವಳು ಅತ್ತಳು. "ಡ್ಯಾಡಾ, ಜಸ್ಟ್ ಒನ್ಸ್!" ಅವನು ಕೈ ಚಾಚಿಯೂ ಬಿಟ್ಟ. ನಾನು ನಡುವೆ ಬಂದೆ. ಮಕ್ಕಳಿಗೆ ಶಿಸ್ತು ಬೇಕು.

"ವೆಲಿ, ಇದು ನನ್ನ ಕೈ ಮಾರಾಯ್ತಿ," ಅಂದ ನಗುತ್ತಾ.

"ಸೀಸನ್ ಮುಗಿಯುವವರೆಗೆ ಅಲ್ಲ," ಅಂದೆ. ಇಬ್ಬರೂ ನಕ್ಕೆವು.

ನವೆಂಬರ್ ೨೫

ಭುಜದೊಳಗೆ ಚಿಮಟಿ ಹಿಡಿದು ಎಳೆದ ಹಾಗೆ ಆಗುತ್ತದಂತೆ. ಕೈ ಮೇಲೆತ್ತಿದಾಗ ಮಾತ್ರ. ಐಸ್ ಇಟ್ಟೆ, ತೆಂಗಿನೆಣ್ಣೆ ಬಿಸಿ ಮಾಡಿ ತಿಕ್ಕಿದೆ.

"ಫಿಸಿಯೋಗೆ ಹೇಳ್ತೇನೆ ನಾಳೆ," ಅಂದ.

"ಹೇಳಿದರೆ ಕೂರಿಸ್ತಾರೆ. ಕೂತವನನ್ನು ಅಬುಧಾಬಿಯವರು ಯಾಕೆ ಕೇಳ್ತಾರೆ? ದ್ವಾರಕನಾಥ ಯಾಕೆ ಸಹಿ ಹಾಕ್ತಾನೆ?"

"ನೋವುಂಟಲ್ಲ ವೆಲಿ."

"ನೋವು ಯಾರಿಗಿಲ್ಲ? ರಿಲೀಸ್ ಬರ್ಲಿ. ಆಮೇಲೆ ಆರು ತಿಂಗಳು ಮಲಗು, ನಾನೇ ಸೇವೆ ಮಾಡ್ತೇನೆ. ಅಲ್ಲಿವರೆಗೆ ಕೇಳಿದವರಿಗೆಲ್ಲ 'ನೋ ಪೇನ್' ಅನ್ನು. ಎಷ್ಟು ಕಷ್ಟ ಎರಡು ಶಬ್ದ?"

ಧಣಿಗೆ ನಮ್ಮ ದೌರ್ಬಲ್ಯ ತೋರಿಸಬಾರದು. ಸಂಘದಲ್ಲಿ ಕಲಿತ ಮೊದಲ ಪಾಠ.

ನವೆಂಬರ್ ೩೦

ಪಂದ್ಯದ ನಂತರ ವಾಲ್ಟ್ ನನ್ನನ್ನು ಬದಿಗೆ ಕರೆದ. "ಅವನ ಚೆಂಡಿನ ವೇಗ ಇಳಿಯುತ್ತಿದೆ. ಅವನು ನನಗೆ ಹೇಳುವುದಿಲ್ಲ. ನೀನು ಹೇಳು. ನೋವುಂಟಾ?"

ಇಲ್ಲ ಅಂದೆ.

"ಖಂಡಿತ?"

"ಗೋದಾಮಿನ ಕೆಲಸದ ಆಯಾಸ, ಅಷ್ಟೇ," ಅಂದೆ. ಜೇಸನ್ ಪಕ್ಕದಲ್ಲೇ ಇದ್ದ. ಶೂ ಲೇಸು ನೋಡುತ್ತಿದ್ದ.

ಮುದುಕ ಒಳ್ಳೆಯವನೇ. ಆದರೆ ಎಷ್ಟಾದರೂ ಅವರ ಸಂಬಳ ತಿನ್ನುವವನು.

ಇವತ್ತು ಜನ ಚೆನ್ನಾಗಿ ಸೇರಿದ್ದರು. ಸ್ಟ್ಯಾಂಡ್ ತುಂಬಿತ್ತು. ಚಪ್ಪಾಳೆಗೆ ಒಂದು ಕಳೆ ಇತ್ತು.

ಡಿಸೆಂಬರ್ ೪

ಕ್ಲಿನಿಕ್ಕಿನ ಡಾಕ್ಟರಮ್ಮನ ಹತ್ತಿರ ನನಗೆ ಬೆನ್ನುನೋವೆಂದು ಹೇಳಿ ಜೋರಿನ ನೋವಿನ ಮಾತ್ರೆ ಬರೆಸಿಕೊಂಡೆ. ಪಂದ್ಯದ ಮೊದಲು ಜೇಸನ್‌ಗೆ ಒಂದು ಕೊಟ್ಟೆ. ಎಸೆದ. ಬಸ್ಸಿಗೆ ಹತ್ತುವಾಗ ಎಡಗೈಯಲ್ಲಿ ಕಂಬಿ ಹಿಡಿದ.

ಡಿಸೆಂಬರ್ ೮

ಎಸೆದ. ಊಟ ಮಾಡಲಿಲ್ಲ. ಎಡಗೈಯಲ್ಲಿ ಚಮಚ ಹಿಡಿಯಲು ಬರುವುದಿಲ್ಲವಂತೆ. ತಿನ್ನಿಸಲು ಹೋದೆ. ಮುಖ ತಿರುಗಿಸಿದ.

ಗಂಡಸರಿಗೆ ಛಲ ಬೇಕು.

ಡಿಸೆಂಬರ್ ೧೨

ಬಂತು! ಬಂತು! ಬಂತು!

ಕ್ಲಿನಿಕ್ಕಿನಲ್ಲಿ ಕೂತಿದ್ದೆ. ಅರ್ಶದ್ ಫೋನ್ ಮಾಡಿದ. ಉಳ್ಳಾಲದ ಹುಡುಗ, ತಂಡದ ಬಸ್ಸು-ಊಟ ನೋಡಿಕೊಳ್ಳುವವನು. "ಅಕ್ಕಾ, ಮುಬಾರಕ್! ರಿಲೀಸ್ ಬಂತಲ್ಲ ಜೇಸಣ್ಣನಿಗೆ! ಟೀಮಿನ ಗ್ರೂಪಲ್ಲಿ ಹಾಕಿದ್ದಾರೆ, ನೋಡಿ."

ನೋಡಿದೆ. ಇಂಗ್ಲಿಷಿನಲ್ಲಿ ಒಂದೇ ಸಾಲು. ಜೇಸನ್ ಡಿಮೆಲ್ಲೊ ಇವತ್ತಿನಿಂದ ರಿಲೀಸ್ಡ್. ಅವರ ಮುಂದಿನ ದಾರಿಗೆ ನಮ್ಮ ಶುಭಾಶಯ.

ಶುಭಾಶಯವಂತೆ! ಧಣಿಗಳಿಗೂ ಒಮ್ಮೊಮ್ಮೆ ಮರ್ಯಾದೆ ಬರುತ್ತದೆ. ನಾನು ರಿಸೆಪ್ಷನ್ ಮೇಜಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಡಾಕ್ಟರಮ್ಮ ಬಂದು ಬೆನ್ನು ಸವರಿ, "ಇನ್ನೂ ನೋವುಂಟಾ?" ಕೇಳಿದರು.

ಗೋದಾಮಿಗೆ ಫೋನ್ ಮಾಡಿ ಜೇಸನ್‌ಗೆ ಹೇಳಿದೆ. ಅವನು ಕೇಳಿದ: "ಹಾಗಾದ್ರೆ ಇನ್ನು ಎಸೆಯುವುದು ಬೇಡವಾ?"

"ಹುಚ್ಚಾ? ಇನ್ನು ಮೇಲೆ ಅಲ್ವಾ ಎಸೆಯುವುದು!"

ಸಂಜೆಯಾಗುವಷ್ಟರಲ್ಲಿ ಆನ್ಸೆಲ್ಮ್ ಭಾವ ಅಬುಧಾಬಿಯಿಂದ ಕಾರು ಹೊಡೆದುಕೊಂಡು ಬಂದ. ಬಾಗಿಲಲ್ಲೇ ಕೂಗಿದ: "ಯಲ್ಲಾ! ಗೋದಾಮು ಖಲಾಸ್! ಟೈಲ್ಸ್ ಖಲಾಸ್! ಎಲ್ಲಿ ನಮ್ಮ ಚಕ್ಕರ್?" ಪಕ್ಕದ ಫ್ಲ್ಯಾಟಿನ ಸಬೀನ ಸೇಮಿಗೆ ಪಾಯಸ ತಂದಳು. ಅವಳ ಗಂಡನಿಗೆ ರಿಲೀಸ್ ಸಿಗದೆ ವರ್ಷವಾಯಿತು. ಜೇಸನ್‌ನನ್ನು ನೋಡಿ, "ನೀವು ಪುಣ್ಯ ಮಾಡಿದ್ದೀರಿ ಅಣ್ಣ," ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಭಾವ ಜೇಸನ್‌ನ ಬಲಗೈ ಹಿಡಿದೆತ್ತಿ "ಬೋಲೋ ಜೇಸು ಕೀ!" ಅಂದ. ಜೇಸನ್ ಕಿರುಚಿದ. ಎಲ್ಲರೂ ಖುಷಿಗೆ ಅಂದುಕೊಂಡರು.

ನಾಳೆ ತಂಡದವರಿಗೆ ಲಾಡು ಕೊಡಬೇಕು. ದೊಡ್ಡ ಪೆಟ್ಟಿಗೆಯೇ ತಂದಿದ್ದೇನೆ.

ಡಿಸೆಂಬರ್ ೧೩

ಹೇಗೆ ಬರೆಯುವುದು.

ಬೆಳಿಗ್ಗೆ ಮೂವರೂ ಹೋದೆವು. ಜಾನಿಸಳಿಗೆ ಹೊಸ ಫ್ರಾಕು. ಆಟಗಾರರು ಬೆಂಚಿನ ಹತ್ತಿರ ಶೂ ಕಟ್ಟುತ್ತಿದ್ದರು. ಜೇಸನ್ ಪೆಟ್ಟಿಗೆಯ ಮುಚ್ಚಳ ತೆಗೆದು ನಗುತ್ತಾ ನಿಂತ. "ಐ ಗಾಟ್ ರಿಲೀಸ್! ಪ್ಲೀಸ್, ಟೇಕ್, ಟೇಕ್!"

ಯಾರೂ ಅಲುಗಲಿಲ್ಲ.

ಒಬ್ಬ ಎತ್ತರದ ಕರಿಯ ಹುಡುಗ ಎದ್ದು ಬಂದು ಒಂದು ಲಾಡು ತೆಗೆದುಕೊಂಡ. ಕೆಂಡ ಹಿಡಿದ ಹಾಗೆ ಹಿಡಿದುಕೊಂಡ. ಇನ್ನೊಬ್ಬ ಜೇಸನ್‌ನನ್ನು ಗಟ್ಟಿಯಾಗಿ ತಬ್ಬಿಕೊಂಡ. ನನ್ನ ಪಕ್ಕದಲ್ಲಿದ್ದವನು ಮೆಲ್ಲಗೆ ಕೇಳಿದ: "ಮ್ಯಾಡಂ, ಕೆಲಸದಿಂದ ತೆಗೆದುಹಾಕಿದರೆ ನಿಮ್ಮ ದೇಶದಲ್ಲಿ ಸಿಹಿ ಹಂಚುತ್ತಾರಾ?"

ನನಗೆ ಅರ್ಥವಾಗಲಿಲ್ಲ. ನಗುತ್ತಲೇ ಇದ್ದೆ. ನನ್ನ ಹಲ್ಲು ಹೊರಗೇ ಇತ್ತು.

ವಾಲ್ಟ್ ಬಂದ. ಪೆಟ್ಟಿಗೆ ನೋಡಿದ, ಜೇಸನ್‌ನ ಮುಖ ನೋಡಿದ, ನನ್ನನ್ನು ನೋಡಿದ. "ಯಾರೂ ನಿಮಗೆ ಹೇಳಲಿಲ್ಲವಾ?"

"ಗ್ರೂಪಲ್ಲಿ ಹಾಕಿದ್ದಾರೆ. ರಿಲೀಸ್ಡ್ ಅಂತ," ಅಂದೆ.

"ಹೌದು ಅಮ್ಮಾ." ಮುದುಕ ಟೋಪಿ ತೆಗೆದ. "ಬೇಸ್‌ಬಾಲಿನಲ್ಲಿ ರಿಲೀಸ್ ಅಂದರೆ ಕಿತ್ತುಹಾಕಿದರು ಅಂತ. ಇನ್ನು ನೀನು ಬೇಡ, ಮನೆಗೆ ಹೋಗು ಅಂತ. ನಮ್ಮ ಕಾಲದಲ್ಲಿ ಬಾಗಿಲ ಮೇಲೆ ಚೀಟಿ ಅಂಟಿಸುತ್ತಿದ್ದರು. ಆ ಒಂದು ಶಬ್ದಕ್ಕೆ ನಾವೆಲ್ಲ ನಡುಗುತ್ತಿದ್ದೆವು."

ಅರ್ಶದ್ ತಲೆ ಮೇಲೆ ಕೈ ಹೊತ್ತು ಮೆಟ್ಟಿಲ ಮೇಲೆ ಕೂತುಬಿಟ್ಟ. "ಯಾ ಅಲ್ಲಾ, ನಾನಲ್ವಾ ಅಕ್ಕಾ ಮುಬಾರಕ್ ಹೇಳಿದ್ದು!"

ನಾವು ಕರಾವಳಿಯವರು ಯಾರು ಓದಿದ್ದರೂ ಹಾಗೇ ಓದುತ್ತಿದ್ದೆವು. ನಮ್ಮ ಬಾಯಲ್ಲಿ ಆ ಶಬ್ದಕ್ಕೆ ಬೇರೆ ಅರ್ಥವೇ ಇಲ್ಲ.

"ಯಾಕೆ?" ಕೇಳಿದೆ. "ಏನು ತಪ್ಪು ಮಾಡಿದ?"

"ವೇಗ ಬಿದ್ದುಹೋಯಿತು. ಕಾರಣವೇ ತಿಳಿಯಲಿಲ್ಲ. ನೋವಿಲ್ಲ ಅಂದ. ನೀನೂ ಇಲ್ಲ ಅಂದೆ. ನೋವಿದ್ದವನನ್ನು ಗಾಯಾಳು ಎಂದು ಉಳಿಸಿಕೊಂಡು ಚಿಕಿತ್ಸೆ ಕೊಡಿಸಬಹುದು. ನೋವಿಲ್ಲದೆ ನಿಧಾನವಾದವನನ್ನು ಯಾರು ಇಟ್ಟುಕೊಳ್ಳುತ್ತಾರೆ?"

ಜೇಸನ್ ಪೆಟ್ಟಿಗೆಯನ್ನು ನೋಡುತ್ತಾ ನಿಂತಿದ್ದ. ಆಮೇಲೆ ಬೆಂಚಿನ ಕೊನೆಯಲ್ಲಿದ್ದ ಇಬ್ಬರ ಹತ್ತಿರ ಹೋದ. ಅವರಿಗೆ ಇನ್ನೂ ಸಿಕ್ಕಿರಲಿಲ್ಲ. ಎಡಗೈಯಿಂದ ಒಂದೊಂದು ಕೊಟ್ಟು ಬಂದ.

ಡಿಸೆಂಬರ್ ೧೭

ಸ್ಕ್ಯಾನ್ ಆಯಿತು. ಭುಜದೊಳಗಿನ ಸ್ನಾಯುರಜ್ಜು ಹರಿದಿದೆ. "ಒಂದು ದಿನದಲ್ಲಿ ಆದದ್ದಲ್ಲ ಇದು," ಅಂದ ಡಾಕ್ಟರ್. "ಹರಿದ ಮೇಲೂ ವಾರಗಟ್ಟಲೆ ಎಸೆದಿದ್ದಾನೆ. ಯಾರೂ ನಿಲ್ಲಿಸಲಿಲ್ಲವಾ?" ಆಪರೇಷನ್ ಆಗಬೇಕು. ಆದರೂ ಕೈ ಭುಜದಿಂದ ಮೇಲೆ ಏಳುವುದು ಅನುಮಾನ.

ಯಾರೂ ನಿಲ್ಲಿಸಲಿಲ್ಲ! ಇಡೀ ತಂಡ, ಫಿಸಿಯೋ, ಕ್ಯಾಮೆರಾ, ಒಬ್ಬರಿಗೂ ಕಣ್ಣಿರಲಿಲ್ಲ! ಮನುಷ್ಯನನ್ನು ಹಿಂಡಿ ಹಿಪ್ಪೆ ಮಾಡಿ ಬಿಸಾಡಿದರು.

ಅಲ್ಲಿಂದ ನೇರ ಗೋದಾಮಿಗೆ ಹೋದೆವು. ದ್ವಾರಕನಾಥ ಕನ್ನಡಕ ಮೇಲೆತ್ತಿ ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿದ್ದ ಜೇಸನ್‌ನ ಕೈ ನೋಡಿದ. "ಏನಮ್ಮ ಇದು, ಲೋನ್ ಕೊಟ್ಟ ಮಾಲು ಡ್ಯಾಮೇಜ್ ಆಗಿ ವಾಪಸ್ ಬಂದಿದ್ಯಲ್ಲ?" ತಮಾಷೆ ಮಾಡಿದ್ದಂತೆ. ಪೆಟ್ಟಿಗೆ ಎತ್ತಲಾಗದವನನ್ನು ಗೋದಾಮು ಇಟ್ಟುಕೊಳ್ಳುವುದಿಲ್ಲ. ಗಾಯ ತಂಡದ್ದು, ತಂಡವನ್ನು ಕೇಳಿ. ತಂಡ ಹೇಳುತ್ತದೆ, ಗಾಯವೇ ಇರಲಿಲ್ಲ, ಗೋದಾಮನ್ನು ಕೇಳಿ. ಆಪರೇಷನ್ ಯಾರೂ ಮಾಡಿಸುವುದಿಲ್ಲ. ವೀಸಾ ರದ್ದು ಮಾಡುತ್ತಾರಂತೆ.

ಮೇಜಿನ ಮೇಲಿದ್ದ ಪೇಪರ್‌ವೇಟ್ ತೆಗೆದು ನೆಲಕ್ಕೆ ಅಪ್ಪಳಿಸಿದೆ. "ಮನುಷ್ಯ ಅಂತ ಹೇಳ್ರೀ! ಮಾಲಲ್ಲ, ಮನುಷ್ಯ!"

ಜೇಸನ್ ಬಗ್ಗಿ ಅದನ್ನು ಎಡಗೈಯಲ್ಲಿ ಹೆಕ್ಕಿ ಮೇಜಿನ ಮೇಲಿಟ್ಟ.

ಡಿಸೆಂಬರ್ ೨೨

ಕಾರ್ಮಿಕ ಕಚೇರಿಗೆ ದೂರು ಕೊಟ್ಟೆ. ವಿಚಾರಣೆ ಹೊಸ ವರ್ಷದಲ್ಲಿ. ಹಳೆಯ ರಕ್ತ ಓಡುತ್ತಿದೆ ಮೈಯಲ್ಲಿ. ನೋವಿನಲ್ಲಿ ಎಸೆಯುವಂತೆ ಒತ್ತಾಯ ಮಾಡಿದರು ಎಂಬುದು ಸಾಬೀತಾದರೆ ಸಾಕು, ಆಪರೇಷನ್ನೂ ಮಾಡಿಸಬೇಕು, ಕೆಲಸವನ್ನೂ ಉಳಿಸಬೇಕು.

ವಾಲ್ಟ್ ಕ್ರಿಸ್‌ಮಸ್ ಕೇಕ್ ಹಿಡಿದು ಮನೆಗೆ ಬಂದಿದ್ದ. ನಮ್ಮ ಕಡೆ ಸಾಕ್ಷಿ ಹೇಳುತ್ತಾನಂತೆ. "ನಾನು ಗುರುತಿಸಬೇಕಿತ್ತು. ಅದೇ ನೋವು ತಿಂದವನು ನಾನೇ ಗುರುತಿಸಲಿಲ್ಲ." ಸೊಟ್ಟ ಕೈಯಲ್ಲಿ ಕಣ್ಣೊರೆಸಲು ತಲೆ ಬಗ್ಗಿಸಿದ. ಆಮೇಲೆ ಕೇಳಿದ: "ನಿನಗೆ ಗೊತ್ತಿದ್ದರೆ ನನಗೆ ಹೇಳುತ್ತಿದ್ದೆ, ಅಲ್ಲವಾ?"

ಖಂಡಿತ ಅಂದೆ. ಅಳುವ ಮುದುಕನಿಗೆ ಇನ್ನೇನು ಹೇಳುವುದು.

ಜನವರಿ ೫

ಜೇಸನ್‌ಗೆ ತಾಲೀಮು ಕೊಡುತ್ತಿದ್ದೇನೆ. ಅವರು ಹೀಗೆ ಕೇಳಿದರೆ ನೀನು ಹೀಗೆ ಹೇಳು. ಬೀಡಿ ಸಂಘದಲ್ಲಿ ಎಷ್ಟು ಹೆಂಗಸರನ್ನು ಹೀಗೆ ಲೇಬರ್ ಕೋರ್ಟಿಗೆ ತಯಾರು ಮಾಡಿದ್ದೆ!

"'ನೋ ಪೇನ್ ಅಂತ ಹೇಳಲು ಯಾರು ಹೇಳಿದ್ದು?' ಅಂತ ಕೇಳ್ತಾರೆ. ನೀನು ಏನು ಹೇಳ್ತಿ?"

ಕೊರಳ ಜೋಳಿಗೆಯ ಗಂಟು ಸರಿಮಾಡಿಕೊಂಡ.

"ತಂಡದವರು. ಹೇಳು, ತಂಡದವರು."

"ಅವರು ಹೇಳ್ಲಿಲ್ಲ ವೆಲಿ."

"ಬಾಯಿಬಿಟ್ಟು ಹೇಳಬೇಕಾ? ರಿಲೀಸಿನ ಆಸೆ ತೋರಿಸಿದ್ದು ಅವರಲ್ವಾ? ಅದು ಹೇಳಿದ ಹಾಗೆಯೇ. ಹೇಳು ಈಗ, ತಂಡದವರು."

"ತಂಡದವರು," ಅಂದ.

"ಜೋರಾಗಿ."

"ತಂಡದವರು."

ಜಾನಿಸ್ ಹೋಮ್‌ವರ್ಕ್ ಬಿಟ್ಟು ನಮ್ಮನ್ನೇ ನೋಡುತ್ತಿದ್ದಳು. ಬೇರೆ ಕೋಣೆಗೆ ಕಳಿಸಿದೆ.

ಜನವರಿ ೮

ಅಧಿಕಾರಿ ಚಿಕ್ಕ ವಯಸ್ಸಿನ ಹುಡುಗಿ. ಕಪ್ಪು ಅಬಾಯಾ, ಮೆತ್ತಗಿನ ದನಿ. ಒಂದು ಬದಿಗೆ ದ್ವಾರಕನಾಥ ಮತ್ತು ತಂಡದ ವಕೀಲ. ಇನ್ನೊಂದು ಬದಿಗೆ ನಾವಿಬ್ಬರು, ಪಕ್ಕದಲ್ಲಿ ಸಾಕ್ಷಿಗೆ ಬಂದ ವಾಲ್ಟ್. ಎಲ್ಲರಿಗೂ ನೀರು ಕೊಟ್ಟಳು. ಜೇಸನ್‌ನ ಕೈ ನೋಡಿ, ಇಟ್ಟುಕೊಳ್ಳಲು ಒಂದು ಕುಶನ್ ತರಿಸಿದಳು.

ವಕೀಲ ಹೇಳಿದ: ಪ್ರತಿ ಪಂದ್ಯಕ್ಕೂ ಮೊದಲು ಫಿಸಿಯೋ ಕೇಳಿದ್ದಾರೆ, ಪ್ರತಿ ಸಲವೂ ಈತ ನೋವಿಲ್ಲ ಅಂದಿದ್ದಾನೆ.

ಹುಡುಗಿ ಜೇಸನ್‌ನ ಕಡೆ ತಿರುಗಿದಳು. "ಬ್ರದರ್, ಯು ಹ್ಯಾಡ್ ಪೇನ್?"

"ಯೆಸ್ ಮ್ಯಾಡಂ."

"ದೆನ್ ಹೂ ಟೋಲ್ಡ್ ಯು ಟು ಸೇ ನೋ ಪೇನ್?"

ಮೇಜಿನ ಕೆಳಗೆ ಅವನ ಕಾಲು ಒತ್ತಿದೆ. ಹೇಳು.

"ಟೀಮ್?" ಅವಳೇ ಕೇಳಿದಳು.

"ನೋ ಮ್ಯಾಡಂ."

"ಕಂಪನಿ?"

"ನೋ ಮ್ಯಾಡಂ."

"ಕೋಚ್?"

"ನೋ, ನೋ. ಹೀ ಆಸ್ಕ್ಡ್. ಗುಡ್ ಮ್ಯಾನ್."

"ದೆನ್ ಹೂ?"

"ಮೈ ವೈಫ್," ಅಂದ ಜೇಸನ್.

ಸಿಟ್ಟಿರಲಿಲ್ಲ ದನಿಯಲ್ಲಿ. ರಕ್ತದ ಗುಂಪು ಕೇಳಿದರೆ ಹೇಳುತ್ತಾರಲ್ಲ, ಹಾಗೆ ಹೇಳಿದ. ಕೇಳಿದ ಪ್ರಶ್ನೆಗೆ ಉತ್ತರ. ನಾನು ಕಲಿಸಿದ್ದೆಲ್ಲ ಎಲ್ಲಿ ಹೋಯಿತು? ಜೋರಾಗಿ ಹೇಳಿಸಿದ್ದೆ. ಸರಿಯಾಗಿಯೇ ಹೇಳಿದ್ದ ಮೊನ್ನೆ. ಅವನೇ ಬೆಚ್ಚಿದ ಹಾಗೆ ನನ್ನ ಕಡೆ ತಿರುಗಿದ, "ವೆಲಿ," ಅಂದ.

ದ್ವಾರಕನಾಥನ ಪೆನ್ನು ನಿಂತಿತು. ವಕೀಲ ಫೈಲು ಮುಚ್ಚಿದ. ನಾನು ಅವರಿಬ್ಬರನ್ನು ನೋಡಬಲ್ಲೆ, ಬೈಯಬಲ್ಲೆ, ಮೇಜು ಬಡಿಯಬಲ್ಲೆ. ಆದರೆ ವಾಲ್ಟ್ ಕುರ್ಚಿಯಲ್ಲಿ ಇಡೀ ಮೈ ತಿರುಗಿಸಿ ನನ್ನನ್ನು ನೋಡಿದ. ನೋಡಿದ, ಅಷ್ಟೇ. ಎದ್ದು ನಿಂತು ಮಾತಾಡಬೇಕೆಂದು ಬಾಯಿ ತೆರೆದೆ. ಇಷ್ಟು ವರ್ಷ ಮೈಕಿಲ್ಲದೆಯೂ ಮಾತಾಡಿದವಳು. ಒಂದು ಶಬ್ದ ಹುಟ್ಟಲಿಲ್ಲ.

ಹುಡುಗಿ ಕಂಪ್ಯೂಟರಿನ ಕಡೆ ತಿರುಗಿದಳು. ಅವಳಿಗೆ ಇದೂ ಒಂದು ಉತ್ತರ, ಬರೆದುಕೊಳ್ಳಬೇಕು.

"ನೇಮ್ ಆಫ್ ವೈಫ್?"

ಜೇಸನ್ ತಲೆ ತಗ್ಗಿಸಿದ. ಎಸಿಯ ಸದ್ದು.

"ವೆಲಿಟಾ," ಅಂದೆ.

"ಸ್ಪೆಲ್ಲಿಂಗ್ ಪ್ಲೀಸ್?"

ಒಂದೊಂದೇ ಅಕ್ಷರ ಹೇಳಿದೆ. ಅವಳು ಟೈಪ್ ಮಾಡುತ್ತಾ ಹೋದಳು. ನಡುವೆ ನಿಲ್ಲಿಸಿ, ತಪ್ಪಾಗಬಾರದೆಂದು, ನನ್ನ ಮುಖ ನೋಡಿ ಕೇಳಿದಳು:

"ಓನ್ಲಿ ಒನ್ ಎಲ್?"

"ಒನ್," ಅಂದೆ.